ಮುಟ್ಟದೆ ತೊಳೆಯುವ ತೊಟ್ಟಿ

ಫ್ರೇಮಿನ ಸ್ಕ್ರೂ ಬಿಗಿ ಮಾಡಿಸಲು ಕನ್ನಡಕದ ಅಂಗಡಿಗೆ ಹೋಗಿದ್ದೆ. ಹುಡುಗ ಸ್ಕ್ರೂ ಬಿಗಿದವನೇ, ನಾನು ಕೇಳುವ ಮೊದಲೇ, ಕನ್ನಡಕವನ್ನು ಟಿಫಿನ್ ಡಬ್ಬಿಯಷ್ಟಿದ್ದ ಸ್ಟೀಲ್ ತೊಟ್ಟಿಯ ನೀರಿಗೆ ಇಳಿಬಿಟ್ಟು ಗುಂಡಿ ಒತ್ತಿದ. ಜೀರುಂಡೆ ಕೂಗಿದಂಥ ಸದ್ದು. ಮೂಗಿನ ಪ್ಯಾಡಿನ ಸಂದಿಯಿಂದ, ಕೀಲಿನಿಂದ, ಗಾಜಿನ ಅಂಚಿನಿಂದ ಬೂದುಬಣ್ಣದ ಹೊಗೆಯಂತೆ ಕೊಳೆ ಎದ್ದು ಬಂತು. ಉಜ್ಜಿದವರಿಲ್ಲ, ತಿಕ್ಕಿದವರಿಲ್ಲ. ಅರ್ಧ ನಿಮಿಷದಲ್ಲಿ ಎರಡು ವರ್ಷದ ಜಿಡ್ಡು ನೀರಿನಲ್ಲಿತ್ತು. ನನಗೆ ಆ ಕ್ಷಣ ನೆನಪಾದದ್ದು ಕನ್ನಡಕವಲ್ಲ, ಮನೆಯ ಅಟ್ಟದ ಮೇಲಿದ್ದ ಎರಡು ಟ್ರಂಕು ಪ್ಲೇಟುಗಳು.

ಪ್ಲೇಟು ಎಂದರೆ ಗ್ರಾಮಫೋನ್ ಪ್ಲೇಟು. ನಮ್ಮ ಮನೆಯಲ್ಲಿ ಯಾರೂ ಧ್ವನಿಮುದ್ರಿಕೆ ಎಂದದ್ದಿಲ್ಲ. ಅಪ್ಪ ಕೂಡಿಟ್ಟಿದ್ದ ಎಲ್‌ಪಿಗಳು, ಸಿನಿಮಾ ಹಾಡಿನ ಇಪಿಗಳು, ಟ್ರಂಕಿನ ತಳದಲ್ಲಿ ನಾಲ್ಕಾರು 78ರ ತಟ್ಟೆಗಳು. ಪ್ಲೇಯರ್ ರಿಪೇರಿ ಮಾಡಿಸಿ ಮೊದಲ ಪ್ಲೇಟು ಹಾಕಿದ ದಿನ ವೀಣೆಗಿಂತ ಮೊದಲು ಕೇಳಿಸಿದ್ದು ಒಗ್ಗರಣೆ. ಸಾಸಿವೆ ಸಿಡಿದ ಹಾಗೆ ಚಟಪಟ, ಚಟಪಟ. ಮೆತ್ತನೆಯ ಬಟ್ಟೆ ತಂದು ಒರೆಸಿದೆ. ಒಗ್ಗರಣೆ ಇನ್ನೂ ಜೋರಾಯಿತು.

ಯಾಕೆ ಜೋರಾಯಿತೆಂದು ತಿಳಿಯಲು ಪ್ಲೇಟಿನ ಮೈಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಲ್‌ಪಿಯ ಒಂದು ಬದಿಯಲ್ಲಿರುವುದು ಒಂದೇ ಒಂದು ಸಾಲು. ಹೊರ ಅಂಚಿನಲ್ಲಿ ಶುರುವಾಗಿ ಸುತ್ತಿ ಸುತ್ತಿ ಲೇಬಲ್ಲಿನ ಹತ್ತಿರ ಮುಗಿಯುತ್ತದೆ. ನಿಮಿಷಕ್ಕೆ 33⅓ ಸುತ್ತಿನಂತೆ 22 ನಿಮಿಷ ಓಡುವ ಬದಿಯ ಸಾಲನ್ನು ಬಿಡಿಸಿ ನೆಟ್ಟಗೆ ಎಳೆದರೆ ಸುಮಾರು 470 ಮೀಟರ್ ಉದ್ದ ಬರುತ್ತದೆ. ಅಗಲ ಮಾತ್ರ 50 ಮೈಕ್ರಾನ್ ಆಸುಪಾಸು, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ತಲೆಗೂದಲು ಸಾಮಾನ್ಯವಾಗಿ ಇದಕ್ಕಿಂತ ದಪ್ಪ. ಈ ಸಾಲಿನ ಎರಡು ಗೋಡೆಗಳ ಅಂಕುಡೊಂಕೇ ಸಂಗೀತ. ಬದಿ ಮುಗಿಯುವ ಒಳಸುತ್ತಿನಲ್ಲಿ 10 ಕಿಲೋಹರ್ಟ್ಸ್ ಸ್ವರದ ಒಂದು ಅಲೆ ಗೋಡೆಯ ಮೇಲೆ ಹಿಡಿಯುವ ಜಾಗ ಬರೀ 21 ಮೈಕ್ರಾನ್. ಅಂಥ ಕಡೆ ಒಂದು ಧೂಳಿನ ಕಣ ಕೂತರೆ ಮುಳ್ಳಿಗೆ ಅದು ಬಂಡೆ.

ಮುಳ್ಳಿನ ಭಾರ ಎರಡು ಗ್ರಾಂ ಮೀರುವುದು ಕಡಿಮೆ. ಆದರೆ ಅಷ್ಟೂ ಭಾರ ಕಣ್ಣಿಗೆ ಕಾಣದಷ್ಟು ಸಣ್ಣ ತುದಿಯ ಮೇಲೆ ಬೀಳುವುದರಿಂದ ಒತ್ತಡ ಬಲವಾಗಿಯೇ ಇರುತ್ತದೆ. ದೇವರ ಮನೆಯ ಊದುಬತ್ತಿ ಹೊಗೆ, ಅಡುಗೆಮನೆಯ ಎಣ್ಣೆ ಜಿಡ್ಡು, ಬೆರಳ ಗುರುತು, ಮಳೆಗಾಲದ ಬೂಷ್ಟು ಎಲ್ಲವನ್ನೂ ಮುಳ್ಳು ಪ್ರತಿ ಸಲವೂ ಗೋಡೆಗೆ ಅರೆದು ಅಂಟಿಸುತ್ತದೆ. ಬಟ್ಟೆಯ ಎಳೆ ಈ ಸಾಲಿನ ತಳಕ್ಕೆ ಇಳಿಯುವುದೇ ಇಲ್ಲ. ಮೇಲಿನ ಧೂಳನ್ನು ಒಳಕ್ಕೆ ತಳ್ಳುತ್ತದೆ. ಒಣಬಟ್ಟೆ ಉಜ್ಜಿದ್ದಕ್ಕೆ ಸ್ಥಾಯೀ ವಿದ್ಯುತ್ತು ಹುಟ್ಟಿ ಕೋಣೆಯ ಧೂಳೂ ಬಂದು ಕೂರುತ್ತದೆ. ನಾನು ಒರೆಸಿದ್ದಲ್ಲ, ಬಿತ್ತಿದ್ದು.

ಇದಕ್ಕೆ ಮದ್ದು ಹುಡುಕಿದವರಲ್ಲಿ ನಾನೇನೂ ಮೊದಲಿಗನಲ್ಲ. ಇಂಗ್ಲೆಂಡಿನ ಕೀತ್ ಮಾಂಕ್ಸ್ ಹೆಸರಿನ ಯಂತ್ರ 1960ರ ದಶಕದ ಕೊನೆಗೆ ಬಂತು. ದ್ರಾವಣ ಸವರಿ, ಬ್ರಷ್ಷಾಡಿಸಿ, ಕೊಳೆನೀರನ್ನು ಸಾಲಿನಿಂದಲೇ ಹೀರಿ ತೆಗೆಯುವ ಯಂತ್ರವದು. ಬಿಬಿಸಿಯಲ್ಲೂ ಬಳಕೆಗೆ ಬಂದಿತ್ತು. ಈಗ ಶ್ರವಣಾತೀತ ಶಬ್ದದಿಂದ ತೊಳೆಯುವ ಸಿದ್ಧ ಯಂತ್ರಗಳಿವೆ: ಜರ್ಮನಿಯ ಆಡಿಯೋ ಡೆಸ್ಕ್ ಸಿಸ್ಟೆಮೆ, ಕೊರಿಯಾದ ಕೆಎಲ್ ಆಡಿಯೋ, ಎಸ್ಟೋನಿಯಾದ ಡಿಗ್ರಿಟರ್. ಪ್ಲೇಟನ್ನು ಬ್ರೆಡ್ಡು ಟೋಸ್ಟರಿಗೆ ಇಳಿಸಿದ ಹಾಗೆ ಇಳಿಸಿ ಗುಂಡಿ ಒತ್ತಿದರೆ ತೊಳೆದು ಒಣಗಿಸಿ ಕೊಡುತ್ತವೆ. ಬೆಲೆ ಲಕ್ಷಗಳಲ್ಲಿ. ಎರಡು ಟ್ರಂಕಿಗೆ ಅಷ್ಟು ಸುರಿಯುವ ಆಸಾಮಿ ನಾನಲ್ಲ. ಆದರೆ ಕನ್ನಡಕದಂಗಡಿಯ ತೊಟ್ಟಿಯ ಅಣ್ಣನೊಬ್ಬ, 6 ಲೀಟರಿನದು, ಹಲ್ಲಿನ ಡಾಕ್ಟರರಿಗೂ ಚಿನ್ನಬೆಳ್ಳಿ ಅಂಗಡಿಯವರಿಗೂ ಮಾರುವಂಥದ್ದು, ನನ್ನ ಕೈಗೆಟುಕುವ ಬೆಲೆಗೆ ಸಿಗುತ್ತಿತ್ತು. ಪ್ಲೇಟನ್ನು ಅದರಲ್ಲಿ ನಿಲ್ಲಿಸಿ ತಿರುಗಿಸುವ ವ್ಯವಸ್ಥೆಯೊಂದನ್ನು ನಾನು ಕಟ್ಟಿಕೊಂಡರೆ ಆಯಿತು.

ತೊಟ್ಟಿಯ ತಳದ ಹೊರಮೈಗೆ ಮೂರು ಟ್ರಾನ್ಸ್‌ಡ್ಯೂಸರ್‌ಗಳನ್ನು ಗಟ್ಟಿ ಅಂಟಿನಿಂದ ಕೂರಿಸಿರುತ್ತಾರೆ. ಒಂದೊಂದರ ಒಳಗೂ ವಿದ್ಯುತ್ತು ಕೊಟ್ಟರೆ ಹಿಗ್ಗಿ ಕುಗ್ಗುವ ಪಿಂಗಾಣಿಯ ಬಿಲ್ಲೆಗಳು. ಹೀಗೆ ಹರಳಿಗೂ ವಿದ್ಯುತ್ತಿಗೂ ಇರುವ ನಂಟನ್ನು 1880ರಲ್ಲಿ ಕಂಡುಕೊಂಡವರು ಪ್ಯಾರಿಸ್ಸಿನ ಕ್ಯೂರಿ ಸೋದರರು. ಸೆಕೆಂಡಿಗೆ 40,000 ಸಲ ತಳ ಅದುರಿದಾಗ ನೀರಿನೊಳಗೆ ಒತ್ತಡದ ಅಲೆ ಹುಟ್ಟುತ್ತದೆ. ಅಲೆಯ ಒಂದು ಅರ್ಧ ನೀರನ್ನು ಅದುಮಿದರೆ ಇನ್ನರ್ಧ ಎಳೆಯುತ್ತದೆ. ಎಳೆದಾಗ ನೀರೇ ಹರಿದಂತಾಗಿ ಸಣ್ಣ ಗುಳ್ಳೆಗಳು ಬಾಯಿಬಿಡುತ್ತವೆ, ಅದುಮಿದಾಗ ಕುಸಿದು ಬೀಳುತ್ತವೆ. ಗುಳ್ಳೆ ಗಟ್ಟಿ ಮೈಯೊಂದರ ಪಕ್ಕದಲ್ಲಿದ್ದರೆ ಎಲ್ಲ ಕಡೆಯಿಂದಲೂ ಸಮನಾಗಿ ಕುಸಿಯುವುದಿಲ್ಲ. ಆಚೆ ಬದಿಯ ನೀರು ಸೂಜಿಯಂತೆ ಗುಳ್ಳೆಯನ್ನು ಸೀಳಿಕೊಂಡು ಬಂದು ಆ ಮೈಗೆ ಬಡಿಯುತ್ತದೆ. ಕೊಳೆ ಎಬ್ಬಿಸುವುದು ಈ ನೀರಿನ ಸೂಜಿ. ಕ್ಯಾವಿಟೇಶನ್ ಎಂಬ ಈ ಆಟ ಮೊದಲು ತಲೆನೋವಾಗಿ ಕಾಣಿಸಿಕೊಂಡದ್ದು 19ನೇ ಶತಮಾನದ ಕೊನೆಗೆ, ವೇಗದ ಹಡಗುಗಳ ಹಿಂದಿನ ಚಕ್ರಗಳಲ್ಲಿ. ಗುಳ್ಳೆ ಕುಸಿಯುವಾಗ ಸುತ್ತಲಿನ ನೀರಿನಲ್ಲಿ ಏಳುವ ಒತ್ತಡವನ್ನು ಲಾರ್ಡ್ ರ‍್ಯಾಲೆ 1917ರಲ್ಲಿ ಲೆಕ್ಕ ಹಾಕಿ ತೋರಿಸಿದ. ಕಂಚಿನ ಚಕ್ರವನ್ನು ಕೊರೆಯುತ್ತಿದ್ದ ಶತ್ರುವನ್ನೇ ಪಳಗಿಸಿ ನಾವು ಕನ್ನಡಕ ತೊಳೆಸಿಕೊಳ್ಳುತ್ತಿದ್ದೇವೆ.

ನೀರಿನೊಳಗಿನ ಈ ಅದುಮಿದ, ಎಳೆದ ಪದರಗಳಿಗೆ ನಮ್ಮೂರಿನದೂ ಒಂದು ಕಥೆಯಿದೆ. 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಮತ್ತು ಅವರ ಶಿಷ್ಯ ನಾಗೇಂದ್ರನಾಥ್ ಸೇರಿ, ಶ್ರವಣಾತೀತ ಅಲೆ ಹಾಯುತ್ತಿರುವ ದ್ರವದೊಳಗೆ ಬೆಳಕು ಬಿಟ್ಟರೆ ಅದು ಹೇಗೆ ಹಲವು ಎಳೆಗಳಾಗಿ ಒಡೆಯುತ್ತದೆಂದು ವಿವರಿಸಿದರು. ಅಲೆಯ ಪದರಗಳು ಬೆಳಕಿಗೆ ಜಾಲರಿಯಂತೆ ಅಡ್ಡ ನಿಲ್ಲುತ್ತವೆ. ರಾಮನ್–ನಾಥ್ ಸಿದ್ಧಾಂತ ಇವತ್ತಿಗೂ ಪಠ್ಯದಲ್ಲಿದೆ. ರಾಮನ್ ವೀಣೆ, ಮೃದಂಗಗಳ ಸದ್ದಿನ ಮೇಲೂ ಕೆಲಸ ಮಾಡಿದವರು. ವೀಣೆಯ ಪ್ಲೇಟನ್ನು ಇಂಥ ತೊಟ್ಟಿಯಲ್ಲಿ ನೋಡಿದ್ದರೆ ಅವರಿಗೆ ನಗು ಬರುತ್ತಿತ್ತೋ ಏನೋ.

ಬರೀ ಟ್ರಾನ್ಸ್‌ಡ್ಯೂಸರ್ ತಂದು ಮನೆಯ ಪಾತ್ರೆಗೆ ಅಂಟಿಸಿ ಯಂತ್ರ ಮಾಡುವವರೂ ಇದ್ದಾರೆ. ಅದು ಬೇಡ. ಅವನ್ನು ಓಡಿಸುವ ಬೋರ್ಡಿನಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜು ಇರುತ್ತದೆ, ಪಕ್ಕದಲ್ಲೇ ನೀರು. ತೊಟ್ಟಿ ಸಿದ್ಧವಾದದ್ದೇ ಇರಲಿ, ಅರ್ಥಿಂಗ್ ಸರಿಯಿರುವ ಮೂರು ಪಿನ್ನಿನ ಪ್ಲಗ್ಗಿಗೇ ಹಾಕಿ. ಕಟ್ಟುವ ಸುಖಕ್ಕೆ ಉಳಿದದ್ದು ಬೇಕಾದಷ್ಟಿದೆ.

ನನ್ನ ತೊಟ್ಟಿಯ ಒಳಅಳತೆ 30 ಸೆಂ.ಮೀ. ಉದ್ದ, 15 ಅಗಲ, 15 ಆಳ. ಎಲ್‌ಪಿಯ ವ್ಯಾಸವೂ 30ರ ಮೇಲೆ ಒಂದೆರಡು ಮಿ.ಮೀ. ಇಡೀ ಪ್ಲೇಟು ಮುಳುಗುವುದಿಲ್ಲ, ಮುಳುಗಲೂಬಾರದು. ಮಧ್ಯದ 10 ಸೆಂ.ಮೀ. ವ್ಯಾಸದ ಕಾಗದದ ಲೇಬಲ್ ಒದ್ದೆಯಾದರೆ ಹಾಳು. ಹಾಗಾಗಿ ಪ್ಲೇಟನ್ನು ನೆಟ್ಟಗೆ ನಿಲ್ಲಿಸಿ, ನಡುವಿನ ತೂತಿಗೆ ಅಚ್ಚು ಪೋಣಿಸಿ, ಕೆಳಭಾಗವಷ್ಟೇ ನೀರಿನಲ್ಲಿರುವಂತೆ ಇಳಿಸಿ ನಿಧಾನಕ್ಕೆ ತಿರುಗಿಸಬೇಕು. ನೀರು 12.5 ಸೆಂ.ಮೀ. ಎತ್ತರಕ್ಕೆ, ಪ್ಲೇಟಿನ ಅಂಚು ತಳದಿಂದ 3 ಸೆಂ.ಮೀ. ಮೇಲೆ, ಅಚ್ಚು ತಳದಿಂದ 18ರಲ್ಲಿ. ಹೀಗಿಟ್ಟರೆ ನೀರಿನ ಗೆರೆ ಲೇಬಲ್ಲಿಗಿಂತ ಅರ್ಧ ಸೆಂಟಿಮೀಟರು ಹೊರಗೆ ನಿಲ್ಲುತ್ತದೆ, ಸಾಲುಗಳೆಲ್ಲ ಒಂದಾದ ಮೇಲೊಂದು ಮುಳುಗಿ ಏಳುತ್ತವೆ. ಕಾಗದದ ಮೇಲೆ ಎಲ್ಲ ಸರಿ. ತೊಟ್ಟಿಯ ಬಾಯಿಯ ಮಟ್ಟದಲ್ಲಿ ಪ್ಲೇಟಿನ ಅಗಲ ಎಷ್ಟೆಂದು ನಾನು ಲೆಕ್ಕ ಹಾಕಿರಲಿಲ್ಲ. 29.6 ಸೆಂ.ಮೀ.! ಎರಡು ಕಡೆಯೂ ಉಳಿಯುವುದು ಎರಡೇ ಮಿ.ಮೀ. ಅಚ್ಚನ್ನು ಹೊರುವ ಚೌಕಟ್ಟು ಕೂದಲೆಳೆಯಷ್ಟು ವಾಲಿದರೂ ಪ್ಲೇಟು ಸ್ಟೀಲಿಗೆ ಉಜ್ಜುತ್ತದೆ. ನನ್ನ ಮೊದಲ ಚೌಕಟ್ಟು ವಾಲಿತ್ತು. ಪುಣ್ಯಕ್ಕೆ ಪರೀಕ್ಷೆಗೆ ಹಾಕಿದ್ದು ಯಾರಿಗೂ ಬೇಡದ ಒಂದು ಪ್ಲೇಟು.

ಅಚ್ಚಿಗೆ 6 ಮಿ.ಮೀ. ದಪ್ಪದ, ಉದ್ದಕ್ಕೂ ಮರೆ ಕೊರೆದ ಸ್ಟೀಲ್ ಸರಳು. ಪ್ಲೇಟಿನ ತೂತು 7 ಮಿ.ಮೀ.ಗಿಂತ ಚೂರು ದೊಡ್ಡದು, ಸರಳು ಸಲೀಸಾಗಿ ಹೋಗುತ್ತದೆ. ಲೇಬಲ್ ಕಾಯಲು ನಾಮಫಲಕ ಮಾಡುವವರ ಹತ್ತಿರ ಅಕ್ರಿಲಿಕ್ ಬಿಲ್ಲೆಗಳನ್ನು ಕತ್ತರಿಸಿಕೊಂಡು, ಒಳಮುಖಕ್ಕೆ ರಬ್ಬರ್ ಬಳೆ ಕೂರಿಸಿ, ನಟ್ಟು ಬಿಗಿದೆ. ಸರಳಿನ ತುದಿ ನುಣುಪು ಮಾಡಿಸಲು ಲೇತ್ ಅಂಗಡಿಗೆ ಹೋದಾಗ ಮೇಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನ್ ಸಾರ್, ಕಬಾಬ್ ಸುಡೋಕಾ?" ಎಂದ. ವಿದೇಶದಲ್ಲಿ ಕೋಳಿ ಸುಡುವ ಮೋಟರನ್ನೇ ಇದಕ್ಕೆ ಹಾಕಿಕೊಂಡವರು ಇದ್ದಾರೆಂದು ಹೇಳಿದೆ. ಅವನು ನಂಬಲಿಲ್ಲ.

ಮೋಟರಿನಲ್ಲಿ ನಾನು ಎಡವಿದೆ. ಕೆಟ್ಟ ಮೈಕ್ರೋವೇವ್ ಒಲೆಯಿಂದ ಬಿಚ್ಚಿದ ತಟ್ಟೆ ತಿರುಗಿಸುವ ಮೋಟರಿತ್ತು, ನಿಮಿಷಕ್ಕೆ ಐದು ಸುತ್ತು. ಪುಕ್ಕಟೆ ಸಿಕ್ಕಿದ್ದಲ್ಲವೇ ಎಂದು ಜೋಡಿಸಿದೆ. ಆ ವೇಗಕ್ಕೆ ಪ್ಲೇಟು ನೀರನ್ನು ಮೈಮೇಲೆ ಹೊತ್ತು ತಂದು ಲೇಬಲ್ಲಿನತ್ತ ಇಳಿಸುತ್ತಿತ್ತು. ಸಾಲಿನ ಯಾವ ಜಾಗಕ್ಕೂ ನೀರಿನಲ್ಲಿ ನಿಲ್ಲಲು ಪುರುಸೊತ್ತಿಲ್ಲ. ಗುಳ್ಳೆಗಳ ಆಟಕ್ಕೂ ಆ ಓಡಾಟ ಒಗ್ಗುವುದಿಲ್ಲ. ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 12 ವೋಲ್ಟಿನ ಗೇರ್ ಮೋಟರು ಕೊಂಡು, ವೋಲ್ಟೇಜು ತಗ್ಗಿಸಿ, ಎರಡು-ಮೂರು ನಿಮಿಷಕ್ಕೊಂದು ಸುತ್ತು ಬರುವಂತೆ ಮಾಡಿದೆ. ನೋಡುತ್ತ ಕೂತರೆ ತಿರುಗುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರಬೇಕು. ಅದೇ ಸರಿಯಾದ ವೇಗ.

ಜಾಗ ಇದೆಯೆಂದು ಆರು ಪ್ಲೇಟು ಒಟ್ಟಿಗೆ ಪೋಣಿಸುವ ಆಸೆ ಯಾರಿಗಾದರೂ ಬರುತ್ತದೆ. ನೀರಿನಲ್ಲಿ 40 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 37 ಮಿ.ಮೀ. ಪ್ಲೇಟುಗಳನ್ನು ಒತ್ತೊತ್ತಾಗಿ ನಿಲ್ಲಿಸಿದರೆ ನಡುವಿನ ನೀರಿಗೆ ಕಸುವು ತಲುಪುವುದಿಲ್ಲ, ಒಂದರ ನೆರಳಿನಲ್ಲಿ ಇನ್ನೊಂದು. 15 ಸೆಂ.ಮೀ. ಅಗಲದಲ್ಲಿ ಮೂರು ಸಾಕು. ನಾನೀಗ ಎರಡೇ ಹಾಕುತ್ತೇನೆ.

ತೊಟ್ಟಿಯಲ್ಲಿ ಕಸುವು ಎಲ್ಲಿದೆ, ಎಲ್ಲಿಲ್ಲ ಎಂದು ತಿಳಿಯಲು ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಬೇಕು. ಒಂದು ತುಂಡನ್ನು ನೀರಿನಲ್ಲಿ ನೆಟ್ಟಗೆ ಇಳಿಬಿಟ್ಟು ಒಂದು ನಿಮಿಷ ಓಡಿಸಿ ಮೇಲೆತ್ತಿ ಬೆಳಕಿಗೆ ಹಿಡಿಯಿರಿ. ಹುಳ ತಿಂದ ಎಲೆಯ ಹಾಗೆ ಚುಕ್ಕಿ ಚುಕ್ಕಿ ತೂತು. ತೂತುಗಳು ಅಡ್ಡ ಪಟ್ಟೆಗಳಾಗಿ ನಿಂತಿರುವುದೂ ಉಂಟು: ಅಲೆಯ ಪದರ ಕಣ್ಣಿಗೆ ಕಾಣುವುದು ಹೀಗೆ. ಹಾಳೆ ಕಂಡ ಅಮ್ಮ ಗಾಬರಿಯಾದರು. "ಇದನ್ನೇ ತಿನ್ನೋದು ಅಪ್ಪನ ಪ್ಲೇಟು ಬಿಡತ್ತೇನೋ?" ನ್ಯಾಯವಾದ ಪ್ರಶ್ನೆ. ಹಾಳೆ ಕಾಗದಕ್ಕಿಂತ ತೆಳು. ಪ್ಲೇಟಿನ ವಿನೈಲ್ ದಪ್ಪ ಪ್ಲಾಸ್ಟಿಕ್ಕು, ಪೆಟ್ಟನ್ನು ಹೀರಿಕೊಂಡು ಹಿಂದೆ ಪುಟಿಯುವ ಗುಣದ್ದು. ಹತ್ತು-ಹದಿನೈದು ನಿಮಿಷ, ಅದೂ ತಿರುಗುತ್ತ ಇರುವ ಪ್ಲೇಟಿಗೆ ತೊಂದರೆ ಕಾಣಲಿಲ್ಲ. ಮೋಟರು ನಿಂತುಹೋಗಿ ಒಂದೇ ಜಾಗ ಗಂಟೆಗಟ್ಟಲೆ ಪೆಟ್ಟು ತಿನ್ನುವುದಕ್ಕೆ ಬಿಡಬಾರದು ಅಷ್ಟೆ. ಇನ್ನೊಂದು: ಯಂತ್ರ ಓಡುವಾಗ ನೀರಿಗೆ ಕೈ ಹಾಕಬೇಡಿ.

ಹಾಳೆಗಿಂತ ಗಟ್ಟಿ ವಾದ ಬೇರೆಯದಿದೆ. 40 ಕಿಲೋಹರ್ಟ್ಸ್‌ಗೆ ಸ್ಪಂದಿಸುವ ಗುಳ್ಳೆಯ ತ್ರಿಜ್ಯ ಸುಮಾರು 80 ಮೈಕ್ರಾನ್. ಎಂದರೆ ಅಡ್ಡಳತೆಯಲ್ಲಿ ಸಾಲಿನ ಅಗಲಕ್ಕಿಂತ ಮೂರು ಪಟ್ಟು. ಇಲಿಬಿಲಕ್ಕೆ ಆನೆ ಕಳಿಸಿ ಫಲವೇನು ಎನ್ನುತ್ತಾರೆ ಕೆಲವರು. ಅದಕ್ಕೇ ಡಿಗ್ರಿಟರಿನವರು 120 ಕಿಲೋಹರ್ಟ್ಸ್ ಹಿಡಿದಿದ್ದಾರೆ. ಅಲ್ಲಿ ಗುಳ್ಳೆ ಮೂರನೇ ಒಂದಾಗುತ್ತದೆ, ಪೆಟ್ಟೂ ಮೆತ್ತಗಾಗುತ್ತದೆ. ಸಿದ್ಧಾಂತದಲ್ಲಿ ಅವರದೇ ಸರಿ. ಆದರೆ ಕುಸಿಯುವಾಗ ಗುಳ್ಳೆ ತನ್ನ ಅಳತೆಗಿಂತ ಎಷ್ಟೋ ಪಟ್ಟು ಕಿರಿದಾಗುತ್ತದೆ, ಅದು ಚಿಮ್ಮಿಸುವ ಸೂಜಿ ಇನ್ನೂ ಸಣ್ಣದು. ನನ್ನ ಕಿವಿಗೆ 40 ಸಾಕೆನಿಸಿದೆ.

ನೀರಿನ ವಿಷಯಕ್ಕೆ ಬಂದರೆ ರಾಜಿ ಇಲ್ಲ. ನಮ್ಮ ಬೋರ್‌ವೆಲ್ ನೀರು ಒಣಗಿದರೆ ಬಕೆಟ್ಟಿನ ಮೇಲೆ ಬಿಳಿ ಪೊರೆ ಬಿಡುತ್ತದೆ. ಅದೇ ಪೊರೆ ಸಾಲಿನಲ್ಲೂ ಕೂತರೆ ತೊಳೆದೂ ಕೆಟ್ಟಂತೆ. ಕಾರು ಬ್ಯಾಟರಿ ಅಂಗಡಿಯಲ್ಲಿ 5 ಲೀಟರ್ ಕ್ಯಾನಿನಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬೇಕು. ಬರಿಯ ನೀರು ವಿನೈಲಿನ ಮೇಲೆ ಕೆಸುವಿನೆಲೆಯ ಮೇಲಿನ ಹನಿಯಂತೆ ಗುಂಡಾಗಿ ನಿಲ್ಲುತ್ತದೆ, ಸಾಲಿಗೆ ಇಳಿಯುವುದಿಲ್ಲ. ಹಿಂದೆ ಡಾರ್ಕ್ ರೂಮಿನಲ್ಲಿ ಫಿಲ್ಮಿನ ಮೇಲೆ ನೀರಿನ ಕಲೆ ಉಳಿಯದಿರಲು ಬಳಸುತ್ತಿದ್ದ ಕೊಡ್ಯಾಕ್‌ನ ಫೋಟೋ ಫ್ಲೋ ಒಂದೆರಡು ಮಿ.ಲೀ. ಬೆರೆಸಿದರೆ ನೀರು ಮೈಗೆ ಹಿಡಿಯುತ್ತದೆ. ಅಕ್ಕಸಾಲಿಗರ ಅಂಟುವಾಳವೂ ಮಾಡುವುದು ಇದೇ ಕೆಲಸ. ಆ ನೊರೆ ಒಡವೆಗೆ ಸರಿ, ಸಾಲಿನಲ್ಲಿ ಒಣಗಿದರೆ ಮತ್ತೆ ಜಿಡ್ಡು. ಪಾತ್ರೆ ತೊಳೆಯುವ ಲಿಕ್ವಿಡ್ಡಿಗೂ ಇದೇ ಮಾತು. ಹೊಸ ನೀರು ತುಂಬಿದ ಮೇಲೆ ಹತ್ತು ನಿಮಿಷ ಖಾಲಿ ಓಡಿಸಬೇಕು, ನೀರಿನಲ್ಲಿ ಕರಗಿರುವ ಗಾಳಿ ಹೊರಟುಹೋಗಲಿ ಎಂದು. ಗಾಳಿ ತುಂಬಿದ ಗುಳ್ಳೆ ಮೆತ್ತೆಯಂತೆ ಕುಸಿಯುತ್ತದೆ, ಪೆಟ್ಟಿಗೆ ಬಿರುಸಿಲ್ಲ.

ಕೆಲವರು ಐಸೊಪ್ರೊಪೈಲ್ ಆಲ್ಕೊಹಾಲನ್ನೂ ಸುರಿಯುತ್ತಾರೆ. ಬಿಸಿಯಾಗುವ, ಬಾಯಿ ತೆರೆದ ತೊಟ್ಟಿಗೆ ಹೊತ್ತಿಕೊಳ್ಳುವ ಆವಿಯ ಸಹವಾಸ ಯಾಕೆ? ಅದರಲ್ಲೂ 78ರ ತಟ್ಟೆಗೆ ಅದು ವಿಷ. ಆ ತಟ್ಟೆಗಳನ್ನು ಮಾಡಿದ್ದು ಅರಗಿನಿಂದ. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿಯೇ ಬಡಗಿಗಳು ಪಾಲಿಶ್ ಮಾಡಿಕೊಳ್ಳುವುದು. ಅರಗಿನ ಮನೆಗೆ ಬೆಂಕಿ ಬೇಕಾಯಿತು, ಅರಗಿನ ತಟ್ಟೆಗೆ ಸ್ಪಿರಿಟು ಸಾಕು. ಗಂಗೂಬಾಯಿ ಹಾನಗಲ್ಲರು ಇನ್ನೂ ಗಾಂಧಾರಿ ಎಂಬ ಹೆಸರಿನಲ್ಲಿ ಹಾಡಿ ಮುದ್ರಿಸಿದ ಕಾಲದ ತಟ್ಟೆಗಳು ಆ ಜಾತಿಯವು. ಅಂಥದ್ದು ನಿಮ್ಮಲ್ಲಿದ್ದರೆ ತೊಟ್ಟಿಗೆ ಇಳಿಸುವ ಧೈರ್ಯವೂ ಬೇಡ. ನನ್ನ 78ಗಳು ಟ್ರಂಕಿನಲ್ಲೇ ಇವೆ.

ಇನ್ನು ಬಿಸಿ. ಇಂಥ ತೊಟ್ಟಿಗಳಿಗೆ ಹೀಟರು ಇರುತ್ತದೆ, ಒಡವೆ, ಯಂತ್ರದ ಭಾಗಗಳಿಗೆಂದು. ಮೊದಲ ವಾರ ಅದರ ತಿರುಪು 60ರಲ್ಲಿದ್ದದ್ದನ್ನು ನಾನು ಗಮನಿಸಲಿಲ್ಲ. ವಿನೈಲ್ ಮೆತ್ತಗಾಗುವ ಬಿಸಿ ಅದು. ಕಾಲು ಗಂಟೆಯ ನಂತರ ಮೇಲೆತ್ತಿದ ಪ್ಲೇಟು ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಾಗಿತ್ತು. ಹೀಟರ್ ಮುಟ್ಟದಿದ್ದರೂ ಶಬ್ದದ ಶಕ್ತಿಯೇ ಕೊನೆಗೆ ಬಿಸಿಯಾಗಿ ನೀರಿಗೆ ಸೇರುತ್ತದೆ: 180 ವ್ಯಾಟ್, ಐದೂವರೆ ಲೀಟರ್ ನೀರು, ಹತ್ತು ನಿಮಿಷಕ್ಕೆ ನಾಲ್ಕೈದು ಡಿಗ್ರಿ. ಏಪ್ರಿಲ್ ತಿಂಗಳಲ್ಲಿ 28 ಡಿಗ್ರಿಯ ನೀರಿನಿಂದ ಶುರು ಮಾಡಿದರೆ ಮೂರನೇ ಜೋಡಿ ಮುಗಿಯುವಷ್ಟರಲ್ಲಿ 40 ಮುಟ್ಟುತ್ತದೆ. 35 ದಾಟಿದರೆ ನಾನು ನಿಲ್ಲಿಸಿ ಕಾಫಿ ಕುಡಿಯಲು ಹೋಗುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ಮೊದಲ ನಾಲ್ಕು ಪ್ಲೇಟುಗಳು ನಿರಾಸೆ ಮಾಡಿದವು. ಚಟಪಟ ಕಡಿಮೆಯಾಗಿತ್ತು, ಅದರ ಜಾಗದಲ್ಲಿ ಹೊಸತೊಂದು ಮಂಕು ಸರಸರ ಬಂದಿತ್ತು. ಕಾರಣ ಗೊತ್ತಾಗಲು ಟಾರ್ಚು ಬೇಕಾಯಿತು. ನೀರಿನ ಮೇಲ್ಮೈಗೆ ಓರೆಯಾಗಿ ಬೆಳಕು ಬಿಟ್ಟರೆ ಎಣ್ಣೆಯಂಥ ತೆಳು ಪೊರೆ, ಅದರೊಳಗೆ ಬೂದು ಪುಡಿ. ಸಾಲಿನಿಂದ ಎದ್ದ ಕೊಳೆ ಎಲ್ಲೂ ಹೋಗಿರಲಿಲ್ಲ, ಪ್ಲೇಟು ಮೇಲೇಳುವ ದಾರಿಯಲ್ಲೇ ಹಾಸಿಕೊಂಡು ಕಾಯುತ್ತಿತ್ತು. ಎದ್ದ ಪ್ರತಿ ಸಾಲೂ ಅದನ್ನು ಮತ್ತೆ ಮೈಗೆ ಸವರಿಕೊಂಡು ಬರುತ್ತಿತ್ತು. ಈ ಹವ್ಯಾಸಕ್ಕೆ ಬೀಳುವವರು ಆವರ್ತನ, ವ್ಯಾಟು, ಮೋಟರು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನಾನೂ ಕೆಡಿಸಿಕೊಂಡಿದ್ದೆ. ಎಬ್ಬಿಸುವುದು ಸುಲಭ. ಎದ್ದದ್ದನ್ನು ಸಾಗಹಾಕುವುದರಲ್ಲಿದೆ ಅರ್ಧಕ್ಕಿಂತ ಹೆಚ್ಚು ಕೆಲಸ. ಅಕ್ವೇರಿಯಂ ಪಂಪೊಂದಕ್ಕೆ, ನೀರು ಶೋಧಿಸುವ ಆರ್‌ಒ ಯಂತ್ರದ ಸ್ಪನ್ ಫಿಲ್ಟರನ್ನು ಜೋಡಿಸಿ, ಜೋಡಿ ಜೋಡಿಯ ನಡುವೆ ನೀರನ್ನು ಸುತ್ತಾಡಿಸತೊಡಗಿದೆ. ತಿಂಗಳೊಳಗೆ ಬಿಳಿ ಫಿಲ್ಟರು ಕಾಫಿ ಬಣ್ಣಕ್ಕೆ ತಿರುಗಿತು. ತೊಟ್ಟಿಯಿಂದ ತೆಗೆದ ಪ್ಲೇಟನ್ನು ಬೇರೆ ಶುದ್ಧ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ತಟ್ಟೆ ನಿಲ್ಲಿಸುವ ಸ್ಟ್ಯಾಂಡಿನಲ್ಲಿ ಫ್ಯಾನ್ ಹಾಕದೆ ಆರಿಸುತ್ತೇನೆ. ಫ್ಯಾನ್ ಹಾಕಿದರೆ ಕೋಣೆಯ ಧೂಳು ಒದ್ದೆ ಮೈಗೆ. ಒಳಗಿನ ಹಳೆಯ ಕಾಗದದ ಚೀಲವನ್ನು ಎಸೆದು ಹೊಸದಕ್ಕೆ ಹಾಕುತ್ತೇನೆ. ತಲೆಗೆ ಎರೆದುಕೊಂಡು ಕೊಳೆ ಅಂಗಿ ಹಾಕಿಕೊಳ್ಳುವುದುಂಟೇ?

ತೊಳೆದರೆ ಎಲ್ಲ ಪ್ಲೇಟೂ ಹೊಸತಾಗುವುದಿಲ್ಲ. ತೊಳೆಯುವ ಮೊದಲೇ ತಿಳಿಯುವ ಉಪಾಯವೊಂದಿದೆ, ಗಡಿಯಾರ ನೋಡಿದರಾಯಿತು. ನಿಮಿಷಕ್ಕೆ 33⅓ ಸುತ್ತು ಎಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಟಕ್ ಎಂಬ ಸದ್ದು 1.8 ಸೆಕೆಂಡಿಗೊಮ್ಮೆ ತಪ್ಪದೆ ಬಂದರೆ ಅದು ಗೀರು, ಹಲವು ಸುತ್ತಿನ ಸಾಲುಗಳನ್ನು ಅಡ್ಡಲಾಗಿ ಸೀಳಿದ ಗಾಯ. 45ರ ಇಪಿಯಲ್ಲಾದರೆ 1.33 ಸೆಕೆಂಡು. ತಾಳವಿಲ್ಲದೆ ಮನಬಂದಂತೆ ಸಿಡಿಯುವುದು ಕೊಳೆ. ತೊಟ್ಟಿ ಸರಿಪಡಿಸುವುದು ಎರಡನೆಯದನ್ನು ಮಾತ್ರ. ಹಳೆಯ ಭಾರದ ಮುಳ್ಳು ತೇಯ್ದು ಹಾಕಿದ ಗೋಡೆಯನ್ನೂ ಅದು ಮತ್ತೆ ಕಟ್ಟಿಕೊಡುವುದಿಲ್ಲ.

ಆ ವೀಣೆಯ ಎಲ್‌ಪಿಯನ್ನು ಕೊನೆಗೆ ತೊಳೆದೆ. ಮೊದಲ ಬದಿಯಲ್ಲಿ ಒಗ್ಗರಣೆ ಮಾಯ. ಮೀಟಿದ ತಂತಿಯ ಸದ್ದು ಆರುತ್ತ ಆರುತ್ತ ಹೋಗಿ ನಿಂತ ಮೇಲೆ, ಮುಂದಿನ ಮೀಟಿಗೆ ಮೊದಲು ವಾದಕರು ಬೆರಳನ್ನು ಮೆಟ್ಟಿಲ ಮೇಲೆ ಜಾರಿಸಿದ ಸವರು ಕೇಳಿಸಿತು. ಇಷ್ಟು ವರ್ಷ ಅದು ಅಲ್ಲಿದೆಯೆಂದೇ ಗೊತ್ತಿರಲಿಲ್ಲ. ಎರಡನೇ ಬದಿಗೆ ತಿರುಗಿಸಿದೆ. ಐದಾರು ನಿಮಿಷ ಕಳೆದಿರಬಹುದು, ಟಕ್. 1.8 ಸೆಕೆಂಡಿನ ಮೇಲೆ ಮತ್ತೆ ಟಕ್. ಸುತ್ತಲ ಗದ್ದಲ ಹೋದದ್ದರಿಂದ ಈಗ ಬಿಡಿಬಿಡಿಯಾಗಿ, ಚೊಕ್ಕವಾಗಿ. ಅಮ್ಮ ಅಡುಗೆಮನೆಯಿಂದಲೇ ಕೇಳಿಸಿಕೊಂಡು, "ಅದು ನೀನು ಒಂದನೇ ಕ್ಲಾಸಲ್ಲಿದ್ದಾಗ ಕಂಪಾಸು ಎಳೆದಿದ್ದು" ಎಂದರು.